ಎಂಬತ್ತು ಮೀಟರಿನ ತಂತಿ, ನಮ್ಮ ಹಿತ್ತಲು

ನಮ್ಮ ಓಣಿಯಲ್ಲಿ ಈಗಲೂ ಹೇಳುವ ಮಾತೆಂದರೆ, ಯುದ್ಧ ಮುಗಿದ ಮರುವರ್ಷ ರೊಟ್ಟಿ ಪಂಚಮಿಯ ಸಂಜೆ ನಮ್ಮ ಕಾಕಾ ಯಲಬುರ್ಗಾದ ಮನೆಯೊಳಗೆ ಕೂತು ತನ್ನ ಹೆಂಡತಿಯ, ಅಂದರೆ ನಮ್ಮ ಚಿಗವ್ವನ, ರಂಗೂನಿನಲ್ಲಿದ್ದ ತಮ್ಮನ ಕೂಡ ಮಾತಾಡಿದ. ಅದೂ ಮಾಳಿಗೆಯ ಮಣ್ಣಿನಲ್ಲಿ ಹುಗಿದ ತಂತಿಯಿಂದ. ಪಕ್ಕದ ಮನೆಯ ಎಣ್ಣೆಗಾಣದ ಅಜ್ಜ ಇದನ್ನು ಹೇಳುವಾಗ, ಮಣ್ಣು ಹಾಕಿದ ಕೈ ಇದೇ ಎಂದು ಅಂಗೈಯನ್ನು ಮುಂದೆ ಚಾಚುತ್ತಾನೆ. ಕೇಳಿದವರು ಹೌದು ಹೌದು ಅನ್ನುತ್ತಾರೆ. ನಾನು ಅಲ್ಲ ಅಂದರೆ, "ನೀ ಹೈದರಾಬಾದಿನಾಗ ವಾದಾ ಮಾಡೂದು ಕಲತಾಂವ, ನಿನಗ ದೇವರೂ ಸುಳ್ಳು" ಎಂದು ಮಾತು ಮುಗಿಸುತ್ತಾರೆ.

ದೇವರ ವಿಷಯ ಇಲ್ಲಿ ಬೇಡ. ನಾನು ಹೇಳುವುದು ಅದಕ್ಕಿಂತ ಸಣ್ಣದು. ಕಾಕಾ ಅಂದು ಮಾತಾಡಲು ಸಾಧ್ಯವೇ ಇರಲಿಲ್ಲ. ರೇಡಿಯೋದಲ್ಲಿ ಸದ್ದು ಕಳಿಸುವ ಪೆಟ್ಟಿಗೆಯನ್ನು ಯುದ್ಧ ಶುರುವಾದಾಗಲೇ ಪೊಲೀಸ್ ಅಮೀನ ಸಾಹೇಬರು ಎತ್ತಿಕೊಂಡು ಹೋಗಿದ್ದರು, ಅದು ಇನ್ನೂ ತಿರುಗಿ ಬಂದಿರಲಿಲ್ಲ. ಮನೆಯಲ್ಲಿ ಉಳಿದದ್ದು ಕೇಳುವ ಪೆಟ್ಟಿಗೆ ಮಾತ್ರ. ಇನ್ನು ಆ ಇಬ್ಬರ ನಡುವೆ ಮೊದಲಿನಿಂದಲೂ ಮಾತೆಂಬುದು ಇರಲಿಲ್ಲ. ಇದ್ದದ್ದು ತಾರಿನ ಭಾಷೆ, ಗಿಡ್ಡ ಸದ್ದು, ಉದ್ದ ಸದ್ದು. ಇಷ್ಟನ್ನು ತೆಗೆದುಹಾಕಿದ ಮೇಲೆ ಓಣಿಯ ಕಥೆಯಲ್ಲಿ ಒಂದೇ ಪ್ರಶ್ನೆ ಉಳಿಯುತ್ತದೆ: ಕಾಕಾನಿಗೆ ಏನಾದರೂ ಕೇಳಿಸಿತೋ ಇಲ್ಲವೋ. ಕಾಲೇಜಿನ ಚರ್ಚಾಕೂಟದಲ್ಲಿ ಇಂಥದ್ದನ್ನು ನಾವು ಒಂದು ತಾಸಿನಲ್ಲಿ ಇತ್ಯರ್ಥ ಮಾಡುತ್ತಿದ್ದೆವು. ಇಲ್ಲಿ ವರ್ಷಗಳಾದವು. ದಣಿದಿದ್ದೇನೆ. ಆದರೂ ನಡೆದದ್ದನ್ನು ನಡೆದ ಹಾಗೆ ಒಮ್ಮೆ ಬರೆದಿಡಬೇಕು.

ಕಾಕಾ ಮೊದಲು ರೈಲಿನ ತಾರ್ ಬಾಬು. ತಳಕಲ್ಲಿನ ಕಡೆಯ ಒಂದು ಸ್ಟೇಶನ್ನಿನಲ್ಲಿ ಅವನೂ ಚಿಗವ್ವನ ತಮ್ಮನೂ ಒಂದೇ ಮೇಜಿನ ಮೇಲೆ ತಾರು ಬಡಿಯಲು ಕಲಿತರು. ನಂತರ ಆ ತಮ್ಮ ರಂಗೂನಿನ ತಾರ್ ಕಚೇರಿಗೆ ಹೋದ. ಕಾಕಾ ಹೊಲದ ಕಾರಣಕ್ಕೆ ನೌಕರಿ ಬಿಡುವವರೆಗೂ ರೈಲಿನ ಮನೆಯಲ್ಲೇ ಇದ್ದ. ಇಬ್ಬರಿಗೂ ರೇಡಿಯೋದ ಹುಚ್ಚು. ಪರವಾನಗಿ ತೆಗೆದು, ಪೆಟ್ಟಿಗೆಗಳನ್ನು ತಾವೇ ಜೋಡಿಸಿ, ದೀಪ ಹಚ್ಚುವ ಹೊತ್ತಿಗೆ ಎಂಬತ್ತು ಮೀಟರಿನ ಅಲೆಯ ಮೇಲೆ ಒಬ್ಬರನ್ನೊಬ್ಬರು ಕರೆಯುತ್ತಿದ್ದರು. ಅಲ್ಲಿ ಜಾಗಕ್ಕೆ ಬರವಿರಲಿಲ್ಲ. ಹಳಿಯ ಪಕ್ಕದ ಬಯಲಿನಲ್ಲಿ ಎರಡು ಕಂಬ ನೆಟ್ಟು ತಂತಿಯನ್ನು ಉದ್ದಕ್ಕೂ ಎಳೆದರೆ ಮುಗಿಯಿತು. ಚಿಗವ್ವ ರೊಟ್ಟಿ ಬಡಿಯುತ್ತ, "ನನ್ನ ತಮ್ಮ ಉಂಡಾನೇನು ಕೇಳ್ರಿ" ಎಂದು ಒಲೆಯ ಮುಂದಿನಿಂದಲೇ ಕೂಗುತ್ತಿದ್ದಳಂತೆ.

ಯುದ್ಧ ಬಂತು, ಪೆಟ್ಟಿಗೆ ಹೋಯಿತು. ಜಪಾನಿನವರು ರಂಗೂನಿಗೆ ಬಂದರೆಂಬ ಸುದ್ದಿ ಬಂತು. ಅಲ್ಲಿಂದ ನಡೆದು ಬಂದವರು ಕೆಲವರು ಊರು ಮುಟ್ಟಿದರು, ಇವನು ಮುಟ್ಟಲಿಲ್ಲ. ಸತ್ತನೆಂದು ಹೇಳುವವರೂ ಇರಲಿಲ್ಲ, ಇದ್ದಾನೆಂದು ಹೇಳುವವರೂ ಇರಲಿಲ್ಲ.

ನಮ್ಮ ಕಡೆ ಪಂಚಮಿ ಹೆಣ್ಣುಮಕ್ಕಳ ಹಬ್ಬ, ಅಣ್ಣತಮ್ಮಂದಿರ ಸಲುವಾಗಿ ಮಾಡುವ ಹಬ್ಬ. ನಾಗಪ್ಪನಿಗೆ ಹಾಲೆರೆಯುವಾಗ ಕೊಬ್ಬರಿ ಬಟ್ಟಲಿನಿಂದ ಒಂದೊಂದೇ ಧಾರೆ ಬಿಟ್ಟು, ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು, ತಮ್ಮನ ಪಾಲು ಎಂದು ಬಾಯಿಬಿಟ್ಟು ಹೇಳಬೇಕು. ಯುದ್ಧದ ವರ್ಷಗಳಲ್ಲೆಲ್ಲ ಚಿಗವ್ವ ತಮ್ಮನ ಪಾಲು ಎರೆಯುತ್ತಲೇ ಬಂದಿದ್ದಳು. ನಾನು ರಜೆಗೆ ಬಂದ ಆ ಬೇಸಿಗೆಯಲ್ಲಿ ಹನುಮಸಾಗರದಿಂದ ಅವಳ ಅಣ್ಣ ಬಂದ. ಚಹಾ ಕುಡಿದು, ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡು, ಕೆಳಗೆ ನೋಡುತ್ತಲೇ ಹೇಳಿದ:

"ತಂಗೀ, ಸತ್ತವರ ಪಾಲು ನಾಗಪ್ಪಗ ಎರದ್ರ ಇದ್ದವರಿಗೆ ಛಲೋ ಅಲ್ಲ ಅಂತಾರ ಹಿರ್ಯಾರು. ನನಗೂ ಮಕ್ಕಳದಾವು. ಈ ವರ್ಷ ಎರೀಬೇಕೋ ಬಿಡಬೇಕೋ ಒಂದು ನಿಕಾಲಿ ಮಾಡು."

"ಅಂವ ಸತ್ತಾನಂತ ಯಾರು ಹೇಳ್ಯಾರಣ್ಣಾ?"

"ಇದ್ದಾನಂತ ಯಾರು ಹೇಳ್ಯಾರವಾ?"

ಚಿಗವ್ವ ಚಹಾದ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ಎರೆದರೆ ಇದ್ದ ಅಣ್ಣನಿಗೆ ಕೇಡು ಬಯಸಿದಂತೆ. ಬಿಟ್ಟರೆ, ತಮ್ಮ ಎಲ್ಲೋ ಉಸಿರಾಡುತ್ತಿದ್ದರೆ, ಅವನನ್ನು ತಾನೇ ಕೊಂದಂತೆ. ಇದು ಮೂಢನಂಬಿಕೆ ಎಂದು ನಾನು ಅಂದೇ ಹೇಳಿದೆ, ಚೆನ್ನಾಗಿಯೇ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಖರೇ ಐತಿ ನಿಂದು. ಆದ್ರ ಹಾಲು ಎರ್ಯಾಕಿ ನಾನಲ್ಲ?" ಅಂದಳು.

ಮರುದಿನ ಕಾಕಾ ಅಟ್ಟದಿಂದ ತಾಮ್ರದ ತಂತಿಯ ಸುರುಳಿ ಇಳಿಸಿದ. ಕಾಗದ ಬರೆದು ಸಾಕಾಗಿತ್ತು. ಆ ತಮ್ಮ ಬದುಕಿದ್ದರೆ, ಎಲ್ಲಿದ್ದರೂ, ಹಳೆಯ ಹೊತ್ತಿಗೆ ಹಳೆಯ ಅಲೆಯ ಮೇಲೆ ಕರೆದೇ ಕರೆಯುತ್ತಾನೆಂಬುದು ಕಾಕಾನ ನಂಬಿಕೆ. ಕೇಳುವ ಪೆಟ್ಟಿಗೆ ನೆಟ್ಟಗಿತ್ತು. ಇಲ್ಲದ್ದು ಜಾಗ. ಎಂಬತ್ತು ಮೀಟರಿನ ಅಲೆಗೆ ಅದರ ಅರ್ಧದಷ್ಟಾದರೂ ತಂತಿ ಬೇಕು, ಅಂದರೆ ನೂರಾ ಮೂವತ್ತು ಅಡಿಯ ಹತ್ತಿರ. ನಮ್ಮ ಹಿತ್ತಲು ಬಚ್ಚಲ ಗೋಡೆಯಿಂದ ಎಮ್ಮೆಯ ಗೋದಲಿಯವರೆಗೆ ನಲವತ್ತು ಅಡಿ ಆದರೆ ಹೆಚ್ಚು. ಅದರಲ್ಲೇ ಕುಳ್ಳು, ಕಟ್ಟಿಗೆ, ರುಬ್ಬುಕಲ್ಲು, ಒಂದು ನುಗ್ಗೆಗಿಡ.

"ಸುರುಳಿ ಸುತ್ತಿ ತೂಗಹಾಕಿದ್ರ ಆಗೂದಿಲ್ಲೇನು ಕಾಕಾ?"

"ಸುರುಳಿ ಸುತ್ತಿದ್ರ ಅದು ಏರಿಯಲ್ ಆಗೂದಿಲ್ಲೋ, ಸಿಂಬಿ ಆಕ್ಕೈತಿ. ತಲಿಮ್ಯಾಲ ಇಟಗೊಂಡು ನೀರಿಗೆ ಹೋಗು."

ಮೊದಲು ತಂತಿಯನ್ನು ಗಾಣದ ಅಜ್ಜನ ಮಾಳಿಗೆಯ ಮೇಲಿಂದ ಹಾಯಿಸಿ ಆಚೆಯ ಬೇವಿನಮರಕ್ಕೆ ಕಟ್ಟಿದೆವು. ಅಜ್ಜ ಖುಷಿಯಿಂದಲೇ ಒಪ್ಪಿದ್ದ. ತಂತಿ ಮರಕ್ಕೆ, ಗೋಡೆಗೆ ತಾಗದಂತೆ ಸೋಡಾ ಬಾಟಲಿಗಳ ಕುತ್ತಿಗೆ ಒಡೆದು ಎರಡೂ ತುದಿಗೆ ಸಿಕ್ಕಿಸಿ, ಬೆಳಗಿನಿಂದ ಮಧ್ಯಾಹ್ನದವರೆಗೆ ಬಿಸಿಲಿನಲ್ಲಿ ಜಗ್ಗಿ ಬಿಗಿದೆವು. ಸಂಜೆಯೊಳಗೆ ಊರಿನ ಕಾಗೆಗಳಿಗೆಲ್ಲ ಸುದ್ದಿ ಹೋಯಿತು. ಕೆಳಗೆ ಅಜ್ಜನ ಹೆಂಡತಿಯ ಸಂಡಿಗೆ ಒಣಗುತ್ತಿತ್ತು. ಮರುದಿನ ಆಕೆ ಕಟ್ಟೆಯ ಮೇಲೆ ನಿಂತು, "ನಿಮ್ಮ ರಂಗೂನ ಸುದ್ದಿ ನಮ್ಮ ಸಂಡಿಗಿಮ್ಯಾಲ ಬೀಳಾಕತ್ತೈತ್ರಿ" ಅಂದಳು. ನ್ಯಾಯವಾದ ಮಾತು. ತಂತಿ ಇಳಿಯಿತು.

ಎರಡನೆಯದಾಗಿ ಹಿತ್ತಲಿನೊಳಗೇ ಮಡಚಿ ಕಟ್ಟಿದೆವು. ಬಚ್ಚಲಿನಿಂದ ಗೋದಲಿಗೆ, ಗೋದಲಿಯಿಂದ ನುಗ್ಗೆಗೆ, ನುಗ್ಗೆಯಿಂದ ಮತ್ತೆ ಬಚ್ಚಲಿಗೆ. ತಂತಿ ಹೋದ ದಾರಿಯಲ್ಲೇ ತಿರುಗಿ ಬಂದರೆ ಒಂದನ್ನೊಂದು ತಿಂದುಹಾಕುತ್ತದೆ ಎಂದು ಕಾಕಾ ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆಯುತ್ತಿದ್ದ, ನಾನು ತುದಿ ಹಿಡಿದು ಹಿಂದೆ ನಡೆಯುತ್ತಿದ್ದೆ. ನಡೆಯುತ್ತಲೇ ವಾದಿಸುತ್ತಿದ್ದೆ.

"ಕಾಕಾ, ಒಂದ ಮಾತು ಕೇಳಲಾ?"

"ನೀ ಒಂದ ಅಂತಿ, ಹತ್ತು ಕೇಳತಿ. ಕೇಳು."

"ಅಂವ ಜೀವಂತ ಅದಾನ ಅಂತ ಇಟ್ಕೊಳ್ಳೂಣು. ಅಂವನ ಹಂತ್ಯಾಕ ಪೆಟಗಿ ಉಳದಿರಬೇಕು. ಪೆಟಗಿ ಉಳದ್ರ ಬ್ಯಾಟ್ರಿ ಸಿಗಬೇಕು. ಬ್ಯಾಟ್ರಿ ಸಿಕ್ರ, ಈ ಕಡೆ ನೀ ಇನ್ನೂ ಕಿವಿಗೊಟ್ಟು ಕುಂತೀದಿ ಅಂತ ಅಂವಗ ಅನಸಬೇಕು. ಇದರಾಗ ಒಂದು ತಪ್ಪಿದ್ರೂ ನಿನ್ನ ತಂತಿ ಅರವಿ ಒಣಾಕ ಲಾಯಕ್ಕು."

"ಇನ್ನೊಂದು ಬಿಟ್ಟಿ."

"ಏನದು?"

"ನಾ ಈ ತಂತಿ ಕಟ್ಟಿ ಮುಗಸಬೇಕು. ಮಾತು ಸಾಕು, ಆ ತುದಿ ಜಗ್ಗು."

ಅರಿವೆ ಒಣಗುವ ಮಾತು ಮಾತ್ರ ನಿಜವಾಯಿತು. ಚಿಗವ್ವ ಅದರ ಮೇಲೆ ದಟ್ಟಿ ಹಾಕಿದಳು. ಎಮ್ಮೆ ಕೋಡು ಸಿಕ್ಕಿಸಿಕೊಂಡು ನುಗ್ಗೆಯ ಟೊಂಗೆಯನ್ನೇ ಮುರಿದು ತಂತು. ಕಾಕಾ ಸಿಟ್ಟಾಗಲಿಲ್ಲ. ಅವನ ಸಿಟ್ಟು ಯುದ್ಧದ ವರ್ಷಗಳಲ್ಲೇ ಸವೆದುಹೋಗಿತ್ತೆಂದು ಕಾಣುತ್ತದೆ. ಎಮ್ಮೆಯ ಕೋಡಿನಿಂದ ತಂತಿ ಬಿಡಿಸಿ, ಸೊಟ್ಟಾದಲ್ಲಿ ತಟ್ಟಿ ನೇರ ಮಾಡಿ, ಮಾಳಿಗೆಯ ಕಡೆ ನೋಡಿದ.

ಉಳಿದಿದ್ದ ಜಾಗ ಅದೊಂದೇ. ನಮ್ಮ ಮನೆಯ ಮಾಳಿಗೆ ಹಿತ್ತಲಿಗಿಂತ ದೊಡ್ಡದು. ನಾಲ್ಕೂ ಅಂಚಿಗೆ ಆಳುದ್ದದ ಬಿದಿರು ನಿಲ್ಲಿಸಿ ತಂತಿಯನ್ನು ಸುತ್ತ ಹಾಯಿಸಿದರೆ, ಎರಡು ತುದಿ ಒಂದನ್ನೊಂದು ಮುಟ್ಟುವ ಮುಂಚೆ ತಂತಿ ಮುಗಿಯುತ್ತಿತ್ತು. ನಡುವಿನಿಂದ ಒಂದು ಎಳೆ ಬೆಳಕಿಂಡಿಯ ಮೂಲಕ ಪಡಸಾಲೆಯ ಪೆಟ್ಟಿಗೆಗೆ ಇಳಿಯಿತು. ನೋಡಲು ಬರೀ ಬೇಲಿ. ಆದರೆ ಅಂದು ಸಂಜೆ ಕಾಕಾ ಕಿವಿಗೆ ಹಚ್ಚಿಕೊಂಡಿದ್ದ ಹೆಡ್‌ಫೋನನ್ನು ತೆಗೆದು ನನಗೆ ಕೊಟ್ಟಾಗ, ಯಾವುದೋ ಹಡಗಿನ ತಾರು ಸ್ಪಷ್ಟವಾಗಿ ಬಡಿಯುತ್ತಿತ್ತು. ನನಗೆ ಅದು ಸದ್ದು ಮಾತ್ರ. ಕಾಕಾ ಅಕ್ಷರ ಅಕ್ಷರವಾಗಿ ಓದಿ ಹೇಳಿದ. ಹಡಗಿನಲ್ಲಿ ಅಕ್ಕಿ ಇತ್ತಂತೆ. ತಂತಿ ಕೆಲಸ ಮಾಡುತ್ತದೆ ಎಂಬುದನ್ನು ನಾನು ಒಪ್ಪಿದೆ. ಒಪ್ಪಬೇಕಾದಲ್ಲಿ ಒಪ್ಪದವನು ವಾದಿಯಲ್ಲ, ಹಟಮಾರಿ.

ನಾಲ್ಕಾರು ಸಂಜೆ ಹೀಗೆ ನಡೆಯಿತು. ಚಿಗವ್ವ ದೀಪ ಹಚ್ಚಿಟ್ಟು ಕಂಬಕ್ಕೆ ಆತು ಕೂರುವಳು. ಕಾಕಾ ಇಲ್ಲವೆಂದು ತಲೆಯಾಡಿಸುವನು. ಆಕೆ ಎದ್ದು ಒಲೆಯ ಕಡೆ ಹೋಗುವಳು.

ಅಷ್ಟರಲ್ಲಿ ಬ್ಯಾಟರಿ ಸೋತಿತು. ಯಲಬುರ್ಗಾದಲ್ಲಿ ಕರೆಂಟಿಲ್ಲ, ಅದನ್ನು ಕೊಪ್ಪಳದ ಹತ್ತಿ ಕಾರಖಾನೆಯ ಎಂಜಿನ್ನಿಗೆ ಹಚ್ಚಿ ತುಂಬಿಸಿಕೊಂಡು ಬರಬೇಕು. ಕಾಕಾ ಒಂದು ಕಡೆ, ನಾನೊಂದು ಕಡೆ ಹಿಡಿದು, ಆಸಿಡ್ ಕಾಲಮೇಲೆ ತುಳುಕದಂತೆ ಸರ್ವಿಸ್ ಮೋಟಾರಿನಲ್ಲಿ ಹೋದೆವು, ರಾತ್ರಿ ಅಲ್ಲೇ ಉಳಿದು ಮರುದಿನ ಬಂದೆವು. ಮುಂಗಾರು ಹಿಡಿಯುವ ಮಿರಗದ ಮಳೆ ಹತ್ತಿರ ಬಂದಿತ್ತು. ಆ ಹೊತ್ತಿನಲ್ಲಿ ಓಣಿಯವರೆಲ್ಲ ಮುಯ್ಯಿಯಲ್ಲಿ ಒಂದೊಂದೇ ಮನೆಯ ಮಾಳಿಗೆಗೆ ಸವಳು ಮಣ್ಣು ಹಾಕಿ ಬಡಿಯುತ್ತಾರೆ. ಇಂದು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು. ಸವಳು ಬಿದ್ದರೆ ಮಾಳಿಗೆ ಸೋರುವುದಿಲ್ಲ. ನಾವು ಇಲ್ಲದ ದಿನ ನಮ್ಮ ಮನೆಯ ಸರತಿ ಬಂತು. ಮನೆಯವರಿಲ್ಲವೆಂದು ಯಾರೂ ಬಿಡಲಿಲ್ಲ. ಗಾಣದ ಅಜ್ಜ ಮುಂದೆ ನಿಂತು ಪುಟ್ಟಿಗಟ್ಟಲೆ ಮಣ್ಣು ಏರಿಸಿದ.

ನಾವು ಬಂದಾಗ ಎಲ್ಲರೂ ಹಿತ್ತಲಿನಲ್ಲಿ ಕೂತು ಗೋಧಿಹುಗ್ಗಿ ಉಣ್ಣುತ್ತಿದ್ದರು. ಕಾಕಾ ತಲೆಯೆತ್ತಿ ನೋಡಿದ. ಬಿದಿರುಗಳು ಮೂಲೆಯಲ್ಲಿ ಅಚ್ಚುಕಟ್ಟಾಗಿ ಕಟ್ಟಿಟ್ಟಿದ್ದವು.

"ಅಜ್ಜಾ, ತಂತಿ ಎಲ್ಲೈತ್ರಿ?"

"ಅದರ ಕಾಳಜಿ ಬಿಡು ತಮ್ಮಾ. ನಿನ್ನ ಹೆಂಡತಿ ಒಂದ ಸವನ ಹೇಳಿದ್ಳು, ತಂತಿ ಜ್ವಾಕಿ, ತಂತಿ ಜ್ವಾಕಿ ಅಂತ. ತಾಮ್ರ ಅಂದ್ರ ಈಗ ಬಂಗಾರ. ಬಿಟ್ರ ಯಾವನಾರ ಕಡಕೊಂಡು ಹೊಕ್ಕಾನ, ಇಲ್ಲಾ ಮಳಿಗೆ ಕರ್ರಗಾಕ್ಕೈತಿ. ಅದಕ್ಕ ನೀ ಸುತ್ತಿದ್ಹಂಗ ಸುತ್ತಲೂ ಹಾಸಿ, ಮ್ಯಾಲ ಗೇಣು ಸವಳು ಹಾಕಿ, ಬಡದು ಗಟ್ಟಿ ಮಾಡೇವಿ. ಜ್ವಾಳಾ ಹಗೇವಿನಾಗ ಇಟ್ಹಂಗ ಐತಿ. ಹತ್ತು ವರ್ಷ ಏನೂ ಆಗೂದಿಲ್ಲ."

ನಮ್ಮ ಊರಿನಲ್ಲಿ ಬೆಲೆಯುಳ್ಳದ್ದನ್ನು ಕಾಪಾಡುವ ರೀತಿ ಅದೇ: ಜೋಳವನ್ನು ನೆಲದೊಳಗಿನ ಹಗೇವಿನಲ್ಲಿಡುತ್ತಾರೆ, ಬೆಳ್ಳಿಯನ್ನು ಒಲೆಯ ಹಿಂದೆ ಹುಗಿಯುತ್ತಾರೆ. ತಂತಿಯ ಜೀವ ಗಾಳಿಯಲ್ಲಿದೆ ಎಂದು ಅವರಿಗೆ ಹೇಳಿದ್ದವರಾದರೂ ಯಾರು? ಬಯಲಿನಲ್ಲಿ ಬಿದಿರಿನ ಮೇಲೆ ಬೆತ್ತಲೆ ನಿಂತ ತಾಮ್ರವನ್ನು ನೋಡಿ ಅವರಿಗೆ ಕರುಣೆ ಬಂದಿರಬೇಕು. ಚಿಗವ್ವ ಸೌಟು ಹಿಡಿದು ನಿಂತಿದ್ದಳು. ಅವಳಿಗೂ ಹೆಮ್ಮೆಯೇ, ತಂತಿ ಸುರಕ್ಷಿತವಾಯಿತಲ್ಲ ಎಂದು.

ಕಾಕಾ ಬ್ಯಾಟರಿಯನ್ನು ಮೆಲ್ಲಗೆ ಕೆಳಗಿಟ್ಟ. "ಭಾಳ ಛಲೋ ಆತ್ರಿ," ಅಂದ. ಕೈತೊಳೆದು ಅವರ ಸಾಲಿನಲ್ಲೇ ಉಣ್ಣಲು ಕೂತ.

ಊಟವಾಗಿ ಎಲ್ಲರೂ ಹೋದ ಮೇಲೆ ನಾನು ಸಲಿಕೆ ತೆಗೆದುಕೊಂಡು ನಿಂತೆ.

"ಇಡು ಅದನ್ನ," ಅಂದ ಕಾಕಾ. "ಬಡದ ಸವಳು ಕೆದರಿದ್ರ ಮಳಿ ಮನ್ಯಾಗ ಬರತೈತಿ. ಮ್ಯಾಲ ಅವರು ಇಷ್ಟು ಜನ ಬೆವರು ಸುರಿಸ್ಯಾರ. ನಾಳೆ ಅವರ ಮಾರಿ ಹ್ಯಾಂಗ ನೋಡ್ಲಿ?"

"ಮಣ್ಣಾಗಿಂದ ಏನು ಕೇಳಸ್ತೈತಿ ಕಾಕಾ? ಅದೂ ಸವಳು. ಉಪ್ಪು. ಹಸಿ ಆತಂದ್ರ ಎಲ್ಲಾ ನುಂಗತೈತಿ. ನೀನ ಹೇಳಿದ್ಯಲ್ಲ?"

"ಹೇಳಿದ್ದೆ."

ಆ ವಾರವೇ ಮಳೆ ಹಿಡಿಯಿತು. ಕಾಕಾ ದಿನಾ ಸಂಜೆ ಪೆಟ್ಟಿಗೆಯ ಮುಂದೆ ಕೂರುವುದನ್ನು ಮಾತ್ರ ಬಿಡಲಿಲ್ಲ. ನಾನೂ ಎಷ್ಟೋ ಸಲ ಕಿವಿಗೆ ಹಚ್ಚಿಕೊಂಡು ನೋಡಿದೆ. ಕಾದ ಎಣ್ಣೆಯಲ್ಲಿ ನೀರು ಬಿದ್ದಂಥ ಸದ್ದು. ಎಲ್ಲೋ ದೂರದಲ್ಲಿ ಮಿಂಚಿದರೆ ಚಟ್ ಎಂದು ಕಿವಿಗೆ ಬಡಿಯುತ್ತಿತ್ತು. ಹಡಗು ಇರಲಿಲ್ಲ, ಅಕ್ಕಿ ಇರಲಿಲ್ಲ. ಗುಡುಗು ಜೋರಾದಾಗ ಕಾಕಾ ಬೆಳಕಿಂಡಿಯಿಂದ ಇಳಿದ ಎಳೆಯನ್ನು ಪೆಟ್ಟಿಗೆಯಿಂದ ಬಿಚ್ಚಿ ಗೋಡೆಯ ಗೂಟಕ್ಕೆ ಸುತ್ತಿಡುತ್ತಿದ್ದ, ಸಿಡಿಲಿನ ಭಯ. ಮತ್ತೆ ಸಿಕ್ಕಿಸುತ್ತಿದ್ದ. ಮತ್ತೆ ಬಿಚ್ಚುತ್ತಿದ್ದ. ಕಾಲೇಜು ಶುರುವಾಗಿತ್ತು, ಜ್ವರದ ನೆಪ ಹೇಳಿ ನಾನು ಉಳಿದುಕೊಂಡೆ. ಏನಾಗುತ್ತದೆಂದು ನೋಡದೆ ಹೋಗಲು ಮನಸ್ಸು ಬರಲಿಲ್ಲ.

ಪಂಚಮಿಯ ಹಿಂದಿನ ದಿನ, ರೊಟ್ಟಿ ಪಂಚಮಿಯಂದು, ಮನೆ ಮನೆಗೆ ಸಜ್ಜೆ ರೊಟ್ಟಿ, ಕಾಳುಪಲ್ಯೆ ಹಂಚಿಯಾಯಿತು. ಚಿಗವ್ವ ಶೇಂಗಾ ಉಂಡಿ ಕಟ್ಟುತ್ತ ಕೂತವಳು, ತಲೆಯೆತ್ತದೆ, ಕಾಕಾನಿಗೆ ಹೇಳಿದಳು:

"ನೋಡ್ರಿ, ನಾಳೆ ಮುಂಜಾನೆ ಹಾಲು ಎರೀಬೇಕು. ತಮ್ಮನ ಪಾಲು ಎರೀಲೋ ಬ್ಯಾಡೋ? ಅಷ್ಟ ಹೇಳ್ರಿ. ನೀವು ಹೇಳಿದ್ಹಂಗ ಮಾಡತೀನಿ."

"ಇವತ್ತ ಸಂಜಿ ಒಂದು ನೋಡೂಣು," ಅಂದ ಕಾಕಾ.

ಸಂಜೆ ಜಿಟಿಜಿಟಿ ಮಳೆ. ನಾನು ಗೋದಲಿಯಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದೆ. ಒಳಗಿನಿಂದ ಚಿಗವ್ವ ನನ್ನನ್ನು ಕರೆದಳು. ಹೋದಾಗ ಕಾಕಾ ಎರಡೂ ಕೈಯಿಂದ ಕಿವಿ ಒತ್ತಿಕೊಂಡು ಕಣ್ಣು ಮುಚ್ಚಿದ್ದ. ಚಿಗವ್ವ ಕಂಬ ಬಿಟ್ಟು ಪೆಟ್ಟಿಗೆಯ ಪಕ್ಕಕ್ಕೇ ಬಂದು ಕೂತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಕಾಕಾ ಕಣ್ಣು ತೆರೆದ.

"ಅಂವನ ಕೈ ಐತಿ," ಅಂದ.

ತಾರಿನವರಲ್ಲಿ ಒಬ್ಬೊಬ್ಬರ ಬಡಿತ ಒಂದೊಂದು ಥರ. ಹೆಸರು ಹೇಳದಿದ್ದರೂ ಬಡಿತದಿಂದಲೇ ಆಳು ತಿಳಿಯುತ್ತದೆಂದು ಕಾಕಾ ಮೊದಲೇ ಹೇಳಿದ್ದ. ಅದನ್ನು ಅವರು ಕೈ ಅನ್ನುತ್ತಾರೆ.

"ಏನಂದಾ?" ಅಂದಳು ಚಿಗವ್ವ.

"ಮಾತು ಹತ್ತಲಿಲ್ಲ. ಬರೀ ಕರೆಯಾಕತ್ತಿದ್ದ. ಕೈ ಮಾತ್ರ ಅಂವಂದ."

ನಾನು ಕೈ ಚಾಚಿದೆ. ಕಾಕಾ ಕೊಟ್ಟ. ಕಿವಿಗೆ ಹಚ್ಚಿಕೊಂಡೆ. ಎಣ್ಣೆಯ ಸದ್ದು.

"ಹ್ವಾದ," ಅಂದ ಕಾಕಾ. "ಅಲಿ ಇಳೀತು."

ಚಿಗವ್ವ ಅಳಲಿಲ್ಲ, ದೇವರಿಗೆ ಕೈ ಮುಗಿಯಲೂ ಇಲ್ಲ. ಒಳಗೆ ಹೋಗಿ ಉಂಡಿಯ ಬುಟ್ಟಿಯಿಂದ ಒಂದನ್ನು ತಂದು ಕಾಕಾನ ಕೈಯಲ್ಲಿಟ್ಟಳು. ನೈವೇದ್ಯವಾಗದೆ ಯಾರಿಗೂ ಮುಟ್ಟಲು ಬಿಡದವಳು. ಮರುದಿನ ನಾಗರಕಟ್ಟೆಯಲ್ಲಿ, ಓಣಿಯ ಹೆಣ್ಣುಮಕ್ಕಳೆಲ್ಲ ಕೇಳುವ ಹಾಗೆ, ಅಣ್ಣನ ಪಾಲು ಎಂದಳು, ತಮ್ಮನ ಪಾಲು ಎಂದಳು. ಅಲ್ಲಿಂದ ಕಥೆ ಹೊರಟಿತು. ಕೈ ಎಂಬುದು ಮಾತಾಯಿತು, ಮಾತು ಕುಶಲವಾಯಿತು, ಸಂಜೆಯೊಳಗೆ ರಂಗೂನಿನಲ್ಲಿ ಅವನಿಗೆ ಗಂಡುಮಗುವೂ ಹುಟ್ಟಿತು.

ಅದೇ ದಿನ ಹೆಂಗಸರು ಜೋಕಾಲಿಗೆ ಹೋದಾಗ ನಾನು ಪಡಸಾಲೆಯಲ್ಲಿ ಒಬ್ಬನೇ ಇದ್ದೆ. ಬೆಳಕಿಂಡಿಯ ಎಳೆ ಗೂಟಕ್ಕೆ ಸುತ್ತಿತ್ತು. ತುದಿಯನ್ನು ಹಿಡಿದು ನೋಡಿದೆ. ತಾಮ್ರಕ್ಕೆ ಸವಳು ಮಣ್ಣು ಅಂಟಿ ಒಣಗಿತ್ತು, ಮೇಲಿನಿಂದ ಮಳೆನೀರಿನೊಡನೆ ಹರಿದು ಬಂದದ್ದು. ಪೆಟ್ಟಿಗೆಯ ತಿರುಪಿನಲ್ಲಿ ಸಿಕ್ಕಿಸಿ ಬಿಗಿದಿದ್ದರೆ ಆ ಮಣ್ಣು ಉದುರಬೇಕಿತ್ತು, ಅಂದರೆ ಹಿಂದಿನ ಸಂಜೆ ಎಳೆ ಪೆಟ್ಟಿಗೆಗೆ ಹತ್ತಿರಲೇ ಇಲ್ಲ. ಆದರೆ ಎದುರು ಪಕ್ಷದ ಮಾತನ್ನೂ ಹೇಳಬೇಕು. ಬಿಚ್ಚಿ ಸುತ್ತಿಟ್ಟ ಮೇಲೆ ರಾತ್ರಿಯ ಮಳೆಗೆ ಮಣ್ಣು ಇಳಿದಿರಬಹುದು. ತಂತಿಯೇ ಇಲ್ಲದ ಪೆಟ್ಟಿಗೆಯೂ ಎಣ್ಣೆಯ ಸದ್ದು ಮಾಡುತ್ತದೆಂಬುದು ನನ್ನ ಪಕ್ಷ. ಹುಗಿದ ತಂತಿಗೂ ಒಮ್ಮೊಮ್ಮೆ, ಅಲೆ ಜೋರಾದ ಗಳಿಗೆಯಲ್ಲಿ, ಏನಾದರೂ ದಕ್ಕುತ್ತದೆಂದು ಆಮೇಲೆ ತಿಳಿದವರಿಂದ ಕೇಳಿದೆ. ಎರಡೂ ಪಕ್ಷ ಸಮ ನಿಂತವು. ನಾನು ಹೈದರಾಬಾದಿಗೆ ಹೊರಟುಹೋದೆ.

ನಡುವೆ ಹೈದರಾಬಾದ್ ಸಂಸ್ಥಾನದ ಗದ್ದಲದ ವರ್ಷಗಳು ಬಂದವು. ಅರ್ಧ ಊರು ಗಡಿಯಾಚೆ ಹೋಗಿ ಕೂತಿತ್ತು, ಮಾಳಿಗೆಗೆ ಯಾರೂ ಕೈಹಚ್ಚಲಿಲ್ಲ. ರಂಗೂನಿನಿಂದ ಕಾಗದ ಬರಲಿಲ್ಲ. ಬರಲಿಲ್ಲವೆಂದು ಚಿಗವ್ವ ಯಾರನ್ನೂ ಕೇಳಲಿಲ್ಲ. ಪಂಚಮಿ ಬಂದಾಗಲೆಲ್ಲ ತಮ್ಮನ ಪಾಲು ಎರೆದಳು. ಹನುಮಸಾಗರದ ಅಣ್ಣನೂ ಸುಮ್ಮನಾದ. ಅವನ ಮಕ್ಕಳಿಗೆ ಏನೂ ಆಗಲಿಲ್ಲ, ಅದನ್ನೂ ಓಣಿ ಸಾಕ್ಷಿಯೆಂದೇ ಹಿಡಿಯಿತು.

ಈ ಬೇಸಿಗೆಯಲ್ಲಿ ಹಳೆಯ ಸವಳು ಕೆರೆದು ತೆಗೆದಾಗ ತಂತಿ ಹೊರಬಿತ್ತು. ಹಸಿರು ಹಿಡಿದು, ಅಲ್ಲಲ್ಲಿ ತುಂಡಾಗಿತ್ತು. ಕಾಕಾ ಹಿತ್ತಲಿನ ಕಟ್ಟೆಯ ಮೇಲೆ ಕೂತು ಹುಣಸೆಹುಳಿ ಹಚ್ಚಿ ಅದನ್ನು ತಿಕ್ಕುತ್ತಿದ್ದ. ಕಳಿಸುವ ಪೆಟ್ಟಿಗೆಗೆ ಅರ್ಜಿ ಹಾಕುವ ಮಾತು ಅವನ ಬಾಯಲ್ಲಿರಲಿಲ್ಲ, ಮತ್ತೆ ಬಿದಿರು ನಿಲ್ಲಿಸುವ ಮಾತೂ ಇರಲಿಲ್ಲ. ಚಿಗವ್ವ ಗಾಣದ ಮನೆಗೆ ಹೋಗಿದ್ದಳು. ಇಬ್ಬರೇ ಇದ್ದೆವು. ನಾನು ಇನ್ನೊಂದು ತುಂಡು ಕೈಗೆತ್ತಿಕೊಂಡು ತಿಕ್ಕುತ್ತ ಕೂತೆ. ವಾದಕ್ಕಲ್ಲ, ಗೆದ್ದರೂ ಸೋತರೂ ಈಗ ನನಗೆ ಒಂದೇ. ಆದರೂ ಕೇಳಿದೆ.

"ಕಾಕಾ, ಅವತ್ತು ಸಂಜಿಮುಂದ ಆ ಎಳಿ ಪೆಟಗಿಗೆ ಸಿಗಸಿದ್ದ್ಯೋ, ಗೂಟದ ಮ್ಯಾಲ ಇತ್ತೋ?"